ಒಂದು ವರಹವೋ, ಒಂದು ಪೆಟ್ಟಿಗೆಯೋ?

ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸವು ನಮ್ಮ ನಾಡಿನ ಅನೇಕ ಮನೆಗಳಲ್ಲಿ ಉಂಟು. ಅಜ್ಜಿಯ ಸಂದೂಕದಲ್ಲಿ ದೊರೆತ ನಾಲ್ಕು ಕಾಸುಗಳಿಂದ ಮೊದಲಾಗಿ, ಸಂತೆಯಲ್ಲಿ ಕೊಂಡದ್ದು, ನೆಂಟರು ಕೊಟ್ಟದ್ದು, ಮಿತ್ರರೊಡನೆ ಅದಲುಬದಲು ಮಾಡಿಕೊಂಡದ್ದು, ಹೀಗೆ ಬೆಳೆಬೆಳೆದು ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಒಂದು ಪೆಟ್ಟಿಗೆ ತುಂಬುತ್ತದೆ. ಪೆಟ್ಟಿಗೆ ತುಂಬಿದ ಮೇಲೆ ಒಂದಲ್ಲ ಒಂದು ದಿನ ಅದರ ಒಡೆಯನ ಮುಂದೆ ಈ ಪ್ರಶ್ನೆ ಬಂದು ನಿಲ್ಲುವುದು: "ಇದೆಲ್ಲವನ್ನೂ ಕೊಟ್ಟು, ಬದಲಿಗೆ ಒಂದೇ ಒಂದು ಶ್ರೇಷ್ಠವಾದ ನಾಣ್ಯವನ್ನು ಏಕೆ ಪಡೆಯಬಾರದು?" ಪ್ರಶ್ನೆಯು ಸಣ್ಣದೆಂದು ತೋರಬಹುದು. ಆದರೆ ಮನೆಯ ಹಣವೂ, ಹಿರಿಯರ ಶ್ರಮವೂ, ಒಮ್ಮೆ ಚೆದರಿದರೆ ಮತ್ತೆ ಕೂಡಿಸಲಾಗದ ತಿಳಿವಳಿಕೆಯೂ ಇದರಲ್ಲಿ ಅಡಗಿರುವುದರಿಂದ, ಗೃಹಸ್ಥರಾದವರು ಅವಸರಪಡದೆ ಇದನ್ನು ವಿಚಾರಮಾಡಬೇಕೆಂದು ನಾವು ಭಾವಿಸುತ್ತೇವೆ.

ಮೊದಲು ಆ ಒಂದು ನಾಣ್ಯದ ಆಕರ್ಷಣೆಯನ್ನೇ ನೋಡೋಣ. ಕೃಷ್ಣದೇವರಾಯನ ವರಹವೊಂದನ್ನು ಅಂಗೈಯಲ್ಲಿಟ್ಟುಕೊಂಡವರಿಗೆ ಅದರ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ತೂಕ ಸುಮಾರು ೩.೪ ಗ್ರಾಂ, ಅಗಲದಲ್ಲಿ ಕಿರುಬೆರಳಿನ ಉಗುರಿಗಿಂತ ಹೆಚ್ಚೇನೂ ದೊಡ್ಡದಲ್ಲ. ಮುಂಬದಿಯಲ್ಲಿ ಬೆಣ್ಣೆಯ ಮುದ್ದೆಯನ್ನು ಹಿಡಿದು ಕುಳಿತ ಬಾಲಕೃಷ್ಣ. ಹಿಂಬದಿಯಲ್ಲಿ ನಾಗರೀ ಲಿಪಿಯ ಮೂರು ಸಾಲುಗಳಲ್ಲಿ 'ಶ್ರೀ ಪ್ರತಾಪ ಕೃಷ್ಣರಾಯ' ಎಂಬ ಬಿರುದು. ೧೫೦೯ರಿಂದ ೧೫೨೯ರವರೆಗೆ ಆಳಿದ ಆ ಅರಸನ ಕಾಲದ ಚಿನ್ನವು ಇಂದಿಗೂ ಮಾಸದೆ ನಮ್ಮ ಕೈಯಲ್ಲಿ ಹೊಳೆಯುವಾಗ, ಪೆಟ್ಟಿಗೆಯಲ್ಲಿ ಕಪ್ಪಾಗಿ ಬಿದ್ದಿರುವ ಮುನ್ನೂರು ತಾಮ್ರದ ಕಾಸುಗಳು ಮನಸ್ಸಿಗೆ ಹಗುರವಾಗಿ ಕಾಣುವುದು ಸಹಜವೇ. ಇಡುವುದಕ್ಕೆ ಸುಲಭ, ತೋರಿಸುವುದಕ್ಕೆ ಅಂದ, ಹೇಳಿಕೊಳ್ಳುವುದಕ್ಕೆ ಹೆಮ್ಮೆ. ಈ ಮೂರು ಗುಣಗಳನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ.

ಆದರೂ ಒಂದು ವಿಷಯವನ್ನು ಮರೆಯಬಾರದು. ಹೆಸರುವಾಸಿಯಾದ ನಾಣ್ಯವೆಲ್ಲವೂ ಅಪರೂಪದ ನಾಣ್ಯವಲ್ಲ. ಕೃಷ್ಣದೇವರಾಯನ ಬಾಲಕೃಷ್ಣ ವರಹವು ಪ್ರಸಿದ್ಧವಾದದ್ದು, ಬೆಲೆಯುಳ್ಳದ್ದು. ಆದರೆ ಹಣವಿದ್ದವನು ಈ ವರ್ಷ ತಪ್ಪಿದರೆ ಮುಂದಿನ ವರ್ಷ ಅಂಥದೇ ಮತ್ತೊಂದನ್ನು ಕೊಂಡುಕೊಳ್ಳಬಹುದು. ಇದಕ್ಕೆ ಪ್ರತಿಯಾಗಿ, ತಾಳ್ಮೆಯಿಂದ ಕೂಡಿಸಿದ ಒಂದು ಸಾಲನ್ನು, ಹಣವೆಷ್ಟಿದ್ದರೂ, ಒಂದು ವರ್ಷದಲ್ಲಾಗಲಿ ಎರಡು ವರ್ಷಗಳಲ್ಲಾಗಲಿ ಮತ್ತೆ ಕೂಡಿಸಲು ಸಾಧ್ಯವಾಗದೆ ಹೋಗಬಹುದು. ಆದಕಾರಣ ಕೇಳಬೇಕಾದ ಮೊದಲನೆಯ ಪ್ರಶ್ನೆ, 'ಯಾವುದರ ಬೆಲೆ ಹೆಚ್ಚು?' ಎಂಬುದಕ್ಕಿಂತಲೂ, 'ಯಾವುದನ್ನು ಕಳೆದುಕೊಂಡರೆ ಮತ್ತೆ ಪಡೆಯಲಾಗದು?' ಎಂಬುದೇ ಆಗಿದೆ.

ನಾಣ್ಯಗಳು ಒಟ್ಟಾಗಿದ್ದಾಗ ಹೇಳುವ ಮಾತನ್ನು ಒಂಟಿಯಾಗಿದ್ದಾಗ ಹೇಳಲಾರವು. ಇದಕ್ಕೆ ಇತಿಹಾಸದಿಂದಲೇ ಎರಡು ನಿದರ್ಶನಗಳನ್ನು ಕೊಡುತ್ತೇವೆ. ೧೯೦೬ರಲ್ಲಿ ನಾಸಿಕದ ಬಳಿಯ ಜೋಗಲತೆಂಬಿ ಎಂಬ ಹಳ್ಳಿಯಲ್ಲಿ ಬೆಳ್ಳಿಯ ನಾಣ್ಯಗಳ ಒಂದು ನಿಧಿ ದೊರೆಯಿತು. ಅದರಲ್ಲಿದ್ದವು ೧೩,೦೦೦ಕ್ಕೂ ಮೇಲ್ಪಟ್ಟ ನಾಣ್ಯಗಳು. ಎಲ್ಲವೂ ಕ್ಷಹರಾತ ದೊರೆಯಾದ ನಹಪಾನನವು. ಅವುಗಳ ಪೈಕಿ ಮೂರರಲ್ಲಿ ಎರಡು ಪಾಲಿನಷ್ಟರ ಮೇಲೆ ಶಾತವಾಹನ ವಂಶದ ಗೌತಮೀಪುತ್ರ ಶಾತಕರ್ಣಿಯು ತನ್ನ ಅಚ್ಚನ್ನು ಮತ್ತೆ ಒತ್ತಿಸಿದ್ದನು. ಅಂಥ ನಾಣ್ಯ ಒಂದೇ ದೊರೆತಿದ್ದರೆ, ಯಾವನೋ ಟಂಕಸಾಲೆಯವನ ಚಮತ್ಕಾರವೆಂದು ಯಾರಾದರೂ ಹೇಳಿಬಿಡಬಹುದಾಗಿತ್ತು. ಸಾವಿರಾರು ದೊರೆತುದರಿಂದ, ಸೋತ ದೊರೆಯ ಹಣವನ್ನೇ ಗೆದ್ದ ದೊರೆಯು ತನ್ನ ಹೆಸರಿನಲ್ಲಿ ಚಲಾವಣೆಗೆ ತಂದನೆಂಬ ಸಂಗತಿಯು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಿರಪಟ್ಟಿತು. ಇಲ್ಲಿ ಸಾಕ್ಷಿ ನುಡಿದದ್ದು ನಾಣ್ಯಗಳ ಸಂಖ್ಯೆ.

ಎರಡನೆಯದು ೧೯೪೬ರಲ್ಲಿ ಭರತಪುರ ಸಂಸ್ಥಾನದ ಬಯಾನದ ಹತ್ತಿರ ದೊರೆತ ಗುಪ್ತರ ಚಿನ್ನದ ನಿಧಿ. ಪಟ್ಟಿಮಾಡಲ್ಪಟ್ಟ ೧,೮೨೧ ನಾಣ್ಯಗಳಲ್ಲಿ ೯೮೩ ಎರಡನೆಯ ಚಂದ್ರಗುಪ್ತನವು, ೬೨೮ ಕುಮಾರಗುಪ್ತನವು, ೧೮೩ ಸಮುದ್ರಗುಪ್ತನವು. ಸ್ಕಂದಗುಪ್ತನದೆಂದು ಗುರುತಿಸಲ್ಪಟ್ಟದ್ದು ಒಂದೇ ಒಂದು. ಡಾ. ಅಳ್ತೇಕರರು ಈ ನಿಧಿಯನ್ನು ಶ್ರಮವಹಿಸಿ ಪರಿಶೀಲಿಸಿ ಪಟ್ಟಿಯನ್ನು ಪ್ರಕಟಿಸಿದರು. ಆ ಒಂದು ನಾಣ್ಯದಿಂದಲೇ, ಸ್ಕಂದಗುಪ್ತನು ಪಟ್ಟಕ್ಕೆ ಬಂದ ಸುಮಾರಿನಲ್ಲಿ ಈ ನಿಧಿಯನ್ನು ನೆಲದಲ್ಲಿ ಹೂಳಿರಬೇಕೆಂದು ವಿದ್ವಾಂಸರು ಊಹಿಸಿದರು. ವಾಚಕರು ಇಲ್ಲಿರುವ ಸ್ವಾರಸ್ಯವನ್ನು ಗಮನಿಸಬೇಕು. ಆ ಒಂದೇ ನಾಣ್ಯವು ಅಷ್ಟು ದೊಡ್ಡ ಮಾತನ್ನು ಹೇಳಿದ್ದು ನಿಜ. ಆದರೆ ಅದು ಹೇಳಿದ್ದು ಉಳಿದ ೧,೮೨೦ರ ನಡುವೆ ಇದ್ದುದರಿಂದ. ಅದನ್ನು ಮಾತ್ರ ಆರಿಸಿಕೊಂಡು ಮಿಕ್ಕವನ್ನು ಕರಗಿಸಿದ್ದರೆ, ಅದು ಬರಿಯ ಚಿನ್ನದ ಬಿಲ್ಲೆಯಾಗಿ ಉಳಿಯುತ್ತಿತ್ತು.

ಅರಸರ ನಿಧಿಗಳ ಮಾತು ನಮ್ಮ ಮನೆಯ ಪೆಟ್ಟಿಗೆಗೆ ಹೇಗೆ ಹೊಂದೀತು ಎಂದು ಕೇಳುವವರಿರಬಹುದು. ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಚರ್ಚೆಯನ್ನು ಇಲ್ಲಿ ತಿಳಿಸಿದರೆ ಉತ್ತರ ದೊರೆಯುತ್ತದೆ. ಅವರ ತಂದೆಯವರು ಹಳೆಯ ಮೈಸೂರು ಸೀಮೆಯ ಒಂದು ಊರಿನಲ್ಲಿ ಉಪಾಧ್ಯಾಯರಾಗಿದ್ದವರು. ಸಂತೆಯ ದಿನಗಳಲ್ಲಿ ಹಳೆಯ ತಾಮ್ರ ಹಿತ್ತಾಳೆಗಳನ್ನು ಕೊಳ್ಳುವ ವ್ಯಾಪಾರಿಯ ಪಕ್ಕದಲ್ಲಿ ಕುಳಿತು, ಕುಲುಮೆಗೆ ಹೋಗಲಿದ್ದ ಕಾಸುಗಳನ್ನು ತೂಕದ ಲೆಕ್ಕದಲ್ಲಿ ಕೊಂಡು ತರುವುದು ಅವರ ವಾಡಿಕೆ. ಹೀಗೆ ಮೂವತ್ತು ವರ್ಷಗಳಲ್ಲಿ ಸೇರಿದ ಮುನ್ನೂರು ಚಿಲ್ಲರೆ ನಾಣ್ಯಗಳಲ್ಲಿ ಹೆಚ್ಚಿನವು ಟೀಪು ಸುಲ್ತಾನನ ಆನೆಯ ಕಾಸುಗಳು. ಮಿಕ್ಕವು ಮುಮ್ಮಡಿ ಕೃಷ್ಣರಾಜ ಒಡೆಯರ 'ಮಯಿಲಿ ಕಾಸು'ಗಳು, ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿಗಳು, ಆಣೆ, ಪೈ, ತೂತು ಕಾಸುಗಳು. ಇವುಗಳೊಡನೆ ಒಂದು ನೋಟುಪುಸ್ತಕ. ಯಾವ ಕಾಸು ಯಾವ ಊರಿನ ಸಂತೆಯಲ್ಲಿ ಯಾವ ದಿನ ದೊರೆಯಿತೆಂಬುದನ್ನು ಮೇಷ್ಟ್ರು ಅದರಲ್ಲಿ ದುಂಡಾದ ಅಕ್ಷರಗಳಲ್ಲಿ ಬರೆದಿಟ್ಟಿದ್ದರು.

ತಂದೆಯವರು ಕಾಲವಾದ ಮೇಲೆ ನಾಣ್ಯದ ವ್ಯಾಪಾರಿಯೊಬ್ಬನು ಮನೆಗೆ ಬಂದು, ಪೆಟ್ಟಿಗೆಯನ್ನು ಸಮಗ್ರವಾಗಿ ಕೊಟ್ಟರೆ ಒಂದು ಬಾಲಕೃಷ್ಣ ವರಹವನ್ನು ಕೊಡುವುದಾಗಿ ಹೇಳಿದನು. ಹಿರಿಯ ಮಗನಿಗೆ ಇದು ಒಪ್ಪಿಗೆಯಾಯಿತು. "ಈ ಹೊರೆಯನ್ನು ಮನೆಯಿಂದ ಮನೆಗೆ ಹೊತ್ತು ತಿರುಗುವವರು ಯಾರು? ಅಪ್ಪನ ನೆನಪಿಗೆ ಒಂದು ಚಿನ್ನದ ನಾಣ್ಯ ಸಾಲದೆ?" ಎಂಬುದು ಅವರ ವಾದ. ಅವರ ತಂಗಿಯಾದರೋ, "ಅಣ್ಣ, ಆ ವರಹವನ್ನು ಅಪ್ಪ ಒಂದು ದಿನವಾದರೂ ಮುಟ್ಟಿದ್ದರೇನು? ಅದು ಅವರ ನೆನಪು ಹೇಗಾದೀತು? ನಾವು ಮೂವರು ಮಕ್ಕಳು. ಒಂದು ವರಹವನ್ನು ಹಂಚಿಕೊಳ್ಳುವುದಾದರೂ ಹೇಗೆ?" ಎಂದರು. ತಾಯಿಯವರು ಇಬ್ಬರ ಮಾತನ್ನೂ ಕೇಳಿ, "ಮಾರಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಆ ಪುಸ್ತಕವನ್ನು ಒಂದು ಸಲ ಪೂರ್ತಿ ಓದಿ, ಆಮೇಲೆ ನಿಶ್ಚಯಿಸಿಕೊಳ್ಳಿ" ಎಂದಷ್ಟೇ ಹೇಳಿದರಂತೆ.

ಅಣ್ಣತಂಗಿಯರು ಪುಸ್ತಕವನ್ನು ಮುಂದಿಟ್ಟುಕೊಂಡು ಆನೆಯ ಕಾಸುಗಳನ್ನು ಚಾಪೆಯ ಮೇಲೆ ಸಾಲಾಗಿ ಜೋಡಿಸಿದರು. ಈ ಕಾಸುಗಳ ಒಂದು ಬದಿಯಲ್ಲಿ ಆನೆ. ಕೆಲವುಗಳಲ್ಲಿ ಅದು ಬಲಕ್ಕೆ ಮುಖಮಾಡಿದ್ದರೆ ಕೆಲವುಗಳಲ್ಲಿ ಎಡಕ್ಕೆ. ಇನ್ನೊಂದು ಬದಿಯಲ್ಲಿ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣಕ್ಕೆ 'ಪಟ್ಟಣ', ಬಿದನೂರಿಗೆ 'ನಗರ', ಚಿತ್ರದುರ್ಗಕ್ಕೆ 'ಫರ್ರುಖ್‌ಯಾಬ್ ಹಿಸಾರ್', ಗುತ್ತಿಗೆ 'ಫೈಜ್ ಹಿಸಾರ್'. ಇವಲ್ಲದೆ ಬೆಂಗಳೂರು, ಕಲ್ಲಿಕೋಟೆ ಮುಂತಾದವು. ಟೀಪುವು ತನ್ನ ರಾಜ್ಯದಲ್ಲಿ ಹೊಸ ಶಕವೊಂದನ್ನು ಬಳಕೆಗೆ ತಂದು, ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ನಾಣ್ಯಗಳಿಗೆ ಬೇರೆಬೇರೆ ಹೆಸರುಗಳನ್ನೂ ಇಟ್ಟನು. ತಾಮ್ರದ ಪೈಸೆಗೆ 'ಜೊಹ್ರಾ' ಎಂದರೆ ಶುಕ್ರ, ಅರೆ ಪೈಸೆಗೆ 'ಬಹ್ರಾಂ' ಎಂದರೆ ಅಂಗಾರಕ, ಕಾಲು ಪೈಸೆಗೆ 'ಅಖ್ತರ್' ಎಂದರೆ ನಕ್ಷತ್ರ, ಅರೆಕಾಲು ಪೈಸೆಗೆ 'ಕುತುಬ್' ಎಂದರೆ ಧ್ರುವ. ಕುರುಡು ಕಾಸೆಂದು ಜನರು ಎಸೆದುಬಿಡುವ ತಾಮ್ರದಲ್ಲಿ ಆಕಾಶದ ಗ್ರಹನಕ್ಷತ್ರಗಳ ಹೆಸರುಗಳಿವೆ!

ಹೀಗೆ ಊರೂರಿನ ಕಾಸುಗಳನ್ನು ವರ್ಷದ ಕ್ರಮದಲ್ಲಿ ಇಟ್ಟಾಗ ಒಂದು ರಾಜ್ಯದ ಏಳುಬೀಳುಗಳು ಕಣ್ಣಿಗೆ ಕಟ್ಟುತ್ತವೆ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟೀಪುವು ತನ್ನ ಸೀಮೆಯ ಅರ್ಧದಷ್ಟನ್ನು ಬಿಟ್ಟುಕೊಡಬೇಕಾಯಿತು, ಮಲಬಾರು ಕೈಬಿಟ್ಟಿತು. ಅಲ್ಲಿಂದ ಮುಂದಿನ ವರ್ಷಗಳ ನಾಣ್ಯಗಳಲ್ಲಿ ಕಲ್ಲಿಕೋಟೆಯ ಹೆಸರು ಕಾಣದು. ಪಟ್ಟಣದ ಸಾಲು ಮುಂದುವರಿಯುತ್ತದೆ, ಕಲ್ಲಿಕೋಟೆಯ ಸಾಲು ನಡುವೆಯೇ ನಿಂತುಹೋಗುತ್ತದೆ. ಚಾಪೆಯ ಮೇಲಿನ ಆ ಬರಿದಾದ ಜಾಗವೇ ಒಂದು ಯುದ್ಧದ ಕಥೆ. ಮದರಾಸಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾಗಿದ್ದ ಹೆಂಡರ್‌ಸನ್ ಎಂಬವರು ಹೈದರ್ ಮತ್ತು ಟೀಪುವಿನ ನಾಣ್ಯಗಳನ್ನು ಕುರಿತು ೧೯೨೧ರಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ಬಳಕೆಯಲ್ಲಿರುವುದಕ್ಕೆ ಕಾರಣವು ಇದೇ: ಅವರು ಒಂದೊಂದು ಟಂಕಸಾಲೆಯ ನಾಣ್ಯಗಳನ್ನೂ ಸಾಲಿನಲ್ಲಿಟ್ಟು ಹೋಲಿಸಿ ನೋಡಿದರು.

ಸಾಲಿನ ಮಹತ್ವವು ಚಿನ್ನದಲ್ಲಿಯೂ ಕಾಣಬರುತ್ತದೆ. ಇಕ್ಕೇರಿಯ ವರಹದ ಮೇಲೆ ಶಿವಪಾರ್ವತಿಯರ ಮೂರ್ತಿಯಿದೆ. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ತನ್ನ 'ಬಹಾದುರಿ ಹೊನ್ನಿ'ನ ಮೇಲೆ ಆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲನೆಯ ಪಾರಸಿ ಅಕ್ಷರವನ್ನು ಮಾತ್ರ ಇರಿಸಿದನು. ಜನರು ನಂಬಿದ ನಾಣ್ಯದ ಮುಖವನ್ನು ಬದಲಿಸಬಾರದೆಂಬ ಆ ಲೋಕಜ್ಞಾನವು ಎರಡು ನಾಣ್ಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟವನಿಗೇ ತಿಳಿಯುವುದು.

ಇಷ್ಟನ್ನು ಕೇಳಿ, ಪೆಟ್ಟಿಗೆಯನ್ನು ಎಂದಿಗೂ ಕೊಡಬಾರದೆಂದು ನಾವು ಹೇಳುತ್ತಿರುವೆವೆಂದು ವಾಚಕರು ತಿಳಿಯಬಾರದು. ಸಾಲು ಬೇರೆ, ರಾಶಿ ಬೇರೆ. ಹನಿಗೂಡಿದರೆ ಹಳ್ಳವೆಂಬ ಗಾದೆಯು ನಾಣ್ಯಗಳ ವಿಷಯದಲ್ಲಿ ಯಾವಾಗಲೂ ಸಲ್ಲುವುದಿಲ್ಲ. ಒಂದೇ ಬಗೆಯ ಹತ್ತು ಪೈಗಳು, ಅಕ್ಷರ ಸವೆದು ಓದಲಾಗದ ಕಾಸುಗಳು, ಎಲ್ಲಿಂದ ಬಂದವೆಂಬುದು ಗೊತ್ತಿಲ್ಲದ ಚೂರುಗಳು, ಇವು ಎಷ್ಟು ಕೂಡಿದರೂ ರಾಶಿಯೇ. ೧೯೪೦ಕ್ಕೆ ಮುಂಚಿನ ಸಾಮಾನ್ಯ ರೂಪಾಯಿಗಳಲ್ಲಿ ನೂರಕ್ಕೆ ೯೧ ಪಾಲಿಗೂ ಹೆಚ್ಚು ಬೆಳ್ಳಿಯಿತ್ತು. ೧೯೪೦ರಿಂದ ಅದು ಅರ್ಧಕ್ಕೆ ಇಳಿಯಿತು. ೧೯೪೭ರಲ್ಲಿ ರೂಪಾಯಿ ನಿಕ್ಕಲಿನದಾಯಿತು. ಇವುಗಳಲ್ಲಿ ಬಹುಪಾಲನ್ನು ಬೇಕಾದಾಗ ಮತ್ತೆ ಕೊಳ್ಳಬಹುದು. ತಾಮ್ರದ ಕಾಸುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಪೂಜೆಯ ಚೊಂಬಿನಂತೆ ಬೆಳಗಿಟ್ಟಿದ್ದರೆ, ಅವುಗಳ ಮೇಲೆ ಕಾಲವು ಹೊದಿಸಿದ ಪೊರೆಯೂ ಹೋಗಿ, ಸೂಕ್ಷ್ಮವಾದ ಗೆರೆಗಳೂ ಅಳಿದು, ಬೆಲೆಯೂ ಕುಗ್ಗಿರುತ್ತದೆ. ಇಂಥ ರಾಶಿಯನ್ನು ಕೊಟ್ಟು ಸ್ಫುಟವಾದ, ಖರೆಯಾದ ಒಂದು ನಾಣ್ಯವನ್ನು ಪಡೆಯುವವನು ಜಾಣನೇ ಸರಿ. ನಾಳೆ ಆ ಒಂದು ನಾಣ್ಯವು ಹೊಸ ಸಾಲಿಗೆ ಮೊದಲಾಗಬಹುದು.

ಇನ್ನು ಬೆಲೆಯ ವಿಷಯ. ಮೂರು ಎಚ್ಚರಿಕೆಗಳನ್ನು ಗೃಹಸ್ಥರು ಗಮನದಲ್ಲಿಡಬೇಕು. ಮೊದಲನೆಯದು, ಟಂಕಸಾಲೆಯಲ್ಲಿ ಅಚ್ಚಾದ ಸಂಖ್ಯೆಯನ್ನು ನೋಡಿ ಮೋಸಹೋಗಬಾರದೆಂಬುದು. ೧೯೧೧ರಲ್ಲಿ ಐದನೆಯ ಜಾರ್ಜ್ ದೊರೆಯ ರೂಪಾಯಿಯನ್ನು ಸುಮಾರು ೯೪ ಲಕ್ಷ ಅಚ್ಚುಹಾಕಿದರು. ದೊರೆಯ ಉಡುಪಿನ ಮೇಲಿದ್ದ ಆನೆಯ ಚಿತ್ರವು ಹಂದಿಯಂತೆ ಕಾಣುವುದೆಂದು ಜನರಲ್ಲಿ ಗುಲ್ಲೆದ್ದಿತು. ಸುಮಾರು ಏಳು ಲಕ್ಷದಷ್ಟು ಮಾತ್ರವೇ ಚಲಾವಣೆಗೆ ಬಂದಿದ್ದವು. ಮಿಕ್ಕವನ್ನು ಕರಗಿಸಿ, ೧೯೧೨ರಲ್ಲಿ ಆನೆಯ ಚಿತ್ರವನ್ನು ತಿದ್ದಿ ಬೇರೆ ಅಚ್ಚು ಹಾಕಿದರು. ನಿಮ್ಮ ಪೆಟ್ಟಿಗೆಯಲ್ಲಿ ಸಾಧಾರಣವೆಂದು ತೋರುವ ನಾಣ್ಯದ ಹಿಂದೆ ಇಂಥ ಕಥೆಯಿದ್ದರೂ ಇರಬಹುದು. ಆದ್ದರಿಂದ ಒಂದೊಂದನ್ನೂ ಇಸವಿ ಸಹಿತ ನೋಡದೆ ಸಗಟಾಗಿ ಕೊಡುವುದು ಸಲ್ಲದು.

ಎರಡನೆಯದು, ವಿನಿಮಯದ ಲೆಕ್ಕ. ವ್ಯಾಪಾರಿಯು ನಿಮ್ಮ ಪೆಟ್ಟಿಗೆಯನ್ನು ತಾನು ಕೊಳ್ಳುವ ದರದಲ್ಲಿ ಎಣಿಸುತ್ತಾನೆ. ತನ್ನ ವರಹವನ್ನು ತಾನು ಮಾರುವ ದರದಲ್ಲಿ ಎಣಿಸುತ್ತಾನೆ. ಇದು ಅವನ ಕಸುಬಿನ ಧರ್ಮ, ಮೋಸವೆನ್ನಲಾಗದು. ಆದರೆ ಒಂದೇ ವ್ಯವಹಾರದಲ್ಲಿ ನೀವು ಎರಡು ಸಲ ನಷ್ಟಪಡುತ್ತೀರಿ. ಆದ್ದರಿಂದ ಪೆಟ್ಟಿಗೆಯ ಬೆಲೆಯನ್ನು ಬೇರೆಯಾಗಿ, ವರಹದ ಬೆಲೆಯನ್ನು ಬೇರೆಯಾಗಿ, ಇಬ್ಬರು ಮೂವರು ತಿಳಿದವರಿಂದ ಬರೆಯಿಸಿಕೊಂಡು, ಅನಂತರ ಎರಡು ಕಾಗದಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದು ಹಣ ಬೇಕಾದಾಗ ಪೆಟ್ಟಿಗೆಯಿಂದ ಹತ್ತು ನಾಣ್ಯಗಳನ್ನು ಮಾರಬಹುದು. ವರಹದ ಹತ್ತನೆಯ ಒಂದು ಪಾಲನ್ನು ಮಾರಲು ಬರುವುದಿಲ್ಲವೆಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಮೂರನೆಯದು, ಖರೆಖೋಟಿಯ ಪರೀಕ್ಷೆ. ಮುನ್ನೂರು ಕಾಸುಗಳಲ್ಲಿ ಐದು ಖೋಟಾ ಆದರೆ ನಷ್ಟವು ಅಲ್ಪ. ಒಂದೇ ನಾಣ್ಯವಿದ್ದು ಅದೇ ಖೋಟಾ ಆದರೆ ಸರ್ವವೂ ಹೋದಂತೆ. ಚಿನಿವಾರನ ಒರೆಗಲ್ಲು ಚಿನ್ನದ ಬಣ್ಣವನ್ನು ಹೇಳಬಲ್ಲುದೇ ಹೊರತು, ಆ ಚಿನ್ನವನ್ನು ಕೃಷ್ಣದೇವರಾಯನ ಕಾಲದಲ್ಲಿ ಅಚ್ಚುಹಾಕಿದರೋ ಮೊನ್ನೆ ಅಚ್ಚುಹಾಕಿದರೋ ಎಂಬುದನ್ನು ಹೇಳಲಾರದು. ತೂಕ, ಅಕ್ಷರದ ರೂಪ, ಅಂಚಿನ ಸ್ಥಿತಿ ಇವನ್ನು ನಾಣ್ಯಶಾಸ್ತ್ರ ಬಲ್ಲವರು ನೋಡಬೇಕು. ಹಿಂದೆ ಕಾಸಿನ ಸರಕ್ಕೆ ಪೋಣಿಸಲು ಬೆಸುಗೆ ಹಾಕಿದ್ದ ಕೊಂಡಿಯನ್ನು ತೆಗೆದು ನಯಮಾಡಿದ ಗುರುತಿದ್ದರೆ, ನಾಣ್ಯವು ಖರೆಯೇ ಆದರೂ ಬೆಲೆಯು ಇಳಿಯುತ್ತದೆ. ಕಾನೂನನ್ನೂ ಮರೆಯುವಂತಿಲ್ಲ. ೧೯೭೨ರ ಪುರಾತನ ವಸ್ತುಗಳ ಕಾಯಿದೆಯ ಮೇರೆಗೆ ನೂರು ವರ್ಷಕ್ಕೆ ಕಡಮೆಯಿಲ್ಲದ ನಾಣ್ಯಗಳೂ ಪುರಾತನ ವಸ್ತುಗಳೇ; ಅವುಗಳ ವ್ಯಾಪಾರ ಮಾಡುವವನಿಗೆ ಪರವಾನಗಿ ಇರಬೇಕು, ಖಾಸಗಿಯವರು ಅವನ್ನು ದೇಶದ ಹೊರಕ್ಕೆ ಸಾಗಿಸುವಂತಿಲ್ಲ. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆಯು ೧೮೭೮ರಷ್ಟು ಹಿಂದಿನಿಂದಲೇ ಇದೆ. ಆದಕಾರಣ ವರಹವು ಎಲ್ಲಿಂದ ಬಂತೆಂದು ಕೇಳಿ, ರಸೀತಿ ಪಡೆಯದೆ ಅದನ್ನು ಮನೆಗೆ ತರಬಾರದು.

ಹಾಗಾದರೆ ನಿರ್ಧಾರ ಮಾಡುವ ಬಗೆ ಹೇಗೆ? ನಮ್ಮ ಸಲಹೆಯು ಸರಳವಾದದ್ದು. ಪೆಟ್ಟಿಗೆಯನ್ನು ಬರಿದುಮಾಡಿ ನಾಣ್ಯಗಳನ್ನು ಮೂರು ಗುಂಪು ಮಾಡಿರಿ. ಬೇಕಾದಾಗ ಮತ್ತೆ ಕೊಳ್ಳಬಹುದಾದವು ಒಂದು ಗುಂಪು. ಒಂದಕ್ಕಿಂತ ಹೆಚ್ಚಾಗಿ ಇರುವುವು ಇನ್ನೊಂದು. ಪರಸ್ಪರ ಸೇರಿಕೊಂಡು ಒಂದು ಸಾಲಾಗಿ, ಒಂದನ್ನು ತೆಗೆದರೆ ಉಳಿದದ್ದರ ಅರ್ಥ ಕೆಡುವಂಥವು ಮೂರನೆಯದು. ಮೊದಲಿನ ಎರಡನ್ನು ಮಾರಬಹುದು, ಬದಲಾಯಿಸಬಹುದು, ಮನಸ್ಸು ಅಳುಕಬೇಕಾಗಿಲ್ಲ. ಮೂರನೆಯ ಗುಂಪಿನಲ್ಲಿ ಏನೂ ಉಳಿಯದಿದ್ದರೆ ಸಮಗ್ರ ಪೆಟ್ಟಿಗೆಯನ್ನೂ ಒಂದು ನಾಣ್ಯಕ್ಕೆ ಕೊಡಬಹುದು. ಉಳಿದದ್ದಾದರೆ, ಅದನ್ನು ಒಡೆಯುವ ಮುನ್ನ ಮನೆಮಂದಿಯೆಲ್ಲ ಕುಳಿತು ವಿಚಾರಿಸಬೇಕು. ನಾಣ್ಯಗಳೊಡನೆ ಇರುವ ಬರಹವನ್ನಂತೂ ಅವುಗಳಿಂದ ಎಂದಿಗೂ ಅಗಲಿಸಬಾರದು. ಊರಿನ ಹೆಸರು ಹೋದ ಕಾಸು ಮತ್ತೆ ತೂಕದ ತಾಮ್ರವೇ.

ಮೇಷ್ಟ್ರ ಮನೆಯವರು ಹಾಗೆಯೇ ಮಾಡಿದರು. ಬೆಳ್ಳಿಯ ರೂಪಾಯಿಗಳಲ್ಲಿಯೂ ಆಣೆಪೈಗಳಲ್ಲಿಯೂ ಬಹುಪಾಲು ಮಾರಾಟವಾದುವು. ಬಂದ ಹಣವು ವರಹಕ್ಕೆ ಸಾಲದೆ ಹೋಯಿತು. ಆದರೆ ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಮೊದಲಾಗಿ ಅಚ್ಚುಹಾಕಿಸಿದ, ನರಸಿಂಹನ ಮೂರ್ತಿಯುಳ್ಳ ಕಂಠೀರಾಯಿ ಹಣ ಒಂದು ದೊರೆಯಿತು, ಬೇಳೆಕಾಳಿನಷ್ಟು ಚಿನ್ನ. ಆನೆಯ ಕಾಸುಗಳೂ ಮಯಿಲಿ ಕಾಸುಗಳೂ ನೋಟುಪುಸ್ತಕದೊಡನೆ ತಂಗಿಯ ಮನೆಯಲ್ಲಿ ಉಳಿದುವು. ಅಣ್ಣನವರಿಗೆ ವರಹದ ಆಸೆ ಪೂರ್ತಿ ಹೋಗಿಲ್ಲವೆಂದು ಅವರೇ ನಮ್ಮೊಡನೆ ನಗುತ್ತಾ ಹೇಳಿದ್ದುಂಟು. ಅದರಲ್ಲಿ ತಪ್ಪೇನೂ ಇಲ್ಲ. ಆಸೆಯಿಲ್ಲದವನು ಸಂಗ್ರಾಹಕನಾಗುವುದಾದರೂ ಹೇಗೆ?

ಚಿನ್ನದ ಬೆಲೆಯನ್ನು ಪೇಟೆಯು ದಿನದಿನವೂ ಹೇಳುತ್ತದೆ. ಒಬ್ಬ ಮನುಷ್ಯನು ಮೂವತ್ತು ವರ್ಷ ಸಂತೆಯಲ್ಲಿ ಕುಳಿತು ಕಂಡುಕೊಂಡದ್ದರ ಬೆಲೆಯನ್ನು ಪೇಟೆಯು ಹೇಳಲಾರದು. ಅದನ್ನು ಮನೆಯವರೇ ಕಟ್ಟಬೇಕು. ಹಾಗೆ ಕಟ್ಟಿದ ಮೇಲೂ ವರಹವೇ ಹೆಚ್ಚೆಂದು ತೋರಿದರೆ ಸಂತೋಷದಿಂದ ಅದನ್ನೇ ಪಡೆಯಲಿ. ಕಟ್ಟಿ ನೋಡದೆ ಮಾತ್ರ ಕೊಡದಿರಲಿ.